ಮೇಲಿನಿಂದ ಹೋದ ಎಣ್ಣೆ

ಜಖಂ ಆದ ಕಾರಿನ ಕೆಳಗೆ ಅಂಗಾತ ಮಲಗಿ, ಮಹಾನಂದಾ ಎಂಜಿನ್ನಿನ ಅಡಿಯಲ್ಲಿದ್ದ ಪ್ಲಾಸ್ಟಿಕ್ ಗಾರ್ಡಿನ ಮೇಲೆ ಬೆರಳಾಡಿಸಿದಳು. ಒಣ ಮಣ್ಣು ಪುಡಿಪುಡಿಯಾಗಿ ಅವಳ ಮುಖದ ಮೇಲೆ ಉದುರಿತು.

ಕಣ್ಣುಜ್ಜಿಕೊಳ್ಳುವ ವ್ಯವಧಾನವೂ ಅವಳಿಗಿರಲಿಲ್ಲ. ಬೆರಳನ್ನು ಟಾರ್ಚಿನ ಬೆಳಕಿಗೆ ಹಿಡಿದಳು. ಮೂಸಿದಳು. ಜಿಡ್ಡಿಲ್ಲ, ವಾಸನೆಯಿಲ್ಲ. ತುಮಕೂರು ರಸ್ತೆಯ ಧೂಳು, ಅಷ್ಟೇ.

"ಥೂ!" ಎಂದು ಉಗಿದಳು. ಅದು ಅವಳು ತನ್ನ ಮುಖಕ್ಕೇ ಉಗಿದುಕೊಂಡದ್ದು.

"ಏನಮ್ಮಾ? ಏನೈತೆ ಕೆಳಗೆ?" ಹೊರಗಿನಿಂದ ದನಿ ಬಂತು. ಮಲಗಿದ್ದ ಮಹಾನಂದಾಳಿಗೆ ಆ ದನಿಯ ಒಡತಿಯ ಪಾದಗಳು ಮಾತ್ರ ಕಾಣುತ್ತಿದ್ದವು. ಹವಾಯಿ ಚಪ್ಪಲಿ, ಸವೆದ ಕಾಲುಂಗುರ, ಹಿಮ್ಮಡಿಗೆ ಅಂಟಿದ್ದ ಒಂದು ಸೇವಂತಿಗೆ ಎಸಳು.

"ಇರಬೇಕಾದ್ದು ಏನೂ ಇಲ್ಲ, ಮುನಿಲಕ್ಷ್ಮಮ್ಮ."

"ನಾನ್ ಏಳ್ಲಿಲ್ವಾ? ನನ್ ಮಗ ಬೋಲ್ಟ್ ಮುಟ್ಟೇ ಇಲ್ಲ ಅಂತ?"

ಮಹಾನಂದಾ ಟಾರ್ಚನ್ನು ಮತ್ತೆ ಗಾರ್ಡಿನ ಕಡೆ ತಿರುಗಿಸಿದಳು. 

ಹದಿಮೂರು ದಿನಗಳ ಕೆಳಗೆ, ಒಂದು ಭಾನುವಾರದ ಬೆಳಿಗ್ಗೆ, ಮಲ್ಲೇಶ್ವರದ ಕಾಲೇಜು ಮೇಷ್ಟ್ರು ವಸಿಷ್ಠ ಈ ಕಾರಿನಲ್ಲಿ ತುಮಕೂರಿಗೆ ಹೊರಟಿದ್ದರು. ನೆಲಮಂಗಲ ದಾಟಿದ ಮೇಲೆ ಎಣ್ಣೆಯಿಲ್ಲದ ಎಂಜಿನ್ ಜಾಮ್ ಆಗಿ ಗಾಡಿ ನಡುರಸ್ತೆಯಲ್ಲೇ ಗಕ್ಕನೆ ನಿಂತಿತು. ಹಿಂದಿನಿಂದ ಬಂದ ಲಾರಿ ಗುದ್ದಿ ಮೇಷ್ಟ್ರು ಸ್ಥಳದಲ್ಲೇ ತೀರಿಕೊಂಡರು. ವಿಮಾ ಕಂಪನಿಯ ಪರವಾಗಿ ಗಾಡಿ ನೋಡಿದ ಸರ್ವೇಯರ್ ಮಹಾನಂದಾ. "ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಚೇಂಬರಿನ ಡ್ರೈನ್ ಬೋಲ್ಟ್ ಸಡಿಲವಾಗಿದೆ, ಹಿಂದಿನ ದಿನ ಆಯಿಲ್ ಬದಲಿಸಿದ ಮೆಕ್ಯಾನಿಕ್ ಅದನ್ನು ಬಿಗಿ ಮಾಡಿಲ್ಲ" ಎಂದು ಬರೆದು ಸಹಿ ಹಾಕಿದವಳೂ ಅವಳೇ.

ಆ ಮೆಕ್ಯಾನಿಕ್ ಚಾಮರಾಜಪೇಟೆಯ ಗೌರೀಶ. ಹಿಂದಿನ ತಿಂಗಳು ಗ್ಯಾರೇಜಿನ ಎದುರು ಅವನಿಗೂ ಮೇಷ್ಟ್ರಿಗೂ ಮಾತಿಗೆ ಮಾತು ಬೆಳೆದಿತ್ತೆಂದು ಯಾರೋ ಹೇಳಿದ್ದರಿಂದ, ಪೊಲೀಸರು ಅದನ್ನು ಅಜಾಗರೂಕತೆ ಎನ್ನದೆ ಬೇಕೆಂದೇ ಮಾಡಿದ್ದು ಎಂದು ಬರೆದುಕೊಂಡರು. ಗೌರೀಶ ಜೈಲು ಸೇರಿ ಇವತ್ತಿಗೆ ಹತ್ತು ದಿನ.

ಈ ಬೆಳಿಗ್ಗೆ ಆರು ಗಂಟೆಗೆ ಅವನ ತಾಯಿ ಮುನಿಲಕ್ಷ್ಮಮ್ಮ ಮಾರ್ಕೆಟ್ಟಿನಿಂದ ನೇರವಾಗಿ, ಹೂವಿನ ಬುಟ್ಟಿಯ ಸಮೇತ, ಮಹಾನಂದಾಳ ಮನೆ ಬಾಗಿಲಿಗೆ ಬಂದಿದ್ದಳು. "ಬರೆದಿದ್ದು ಈ ಕೈಯಾ? ಇದೇ ಕೈಯಾ?" ಎಂದು ಅವಳ ಮಣಿಕಟ್ಟು ಹಿಡಿದು, ಅಕ್ಕಪಕ್ಕದ ಮನೆಯವರೆಲ್ಲ ಗೇಟಿಗೆ ಬರುವ ಹಾಗೆ ಕೂಗಿದ್ದಳು. ಆ ಹಿಡಿತಕ್ಕೆ ಹೆದರಿಯೋ ನಾಚಿಯೋ, ಮಹಾನಂದಾ ಠಾಣೆಯ ಹಿಂದಿನ ಈ ಬಯಲಿಗೆ ಮತ್ತೊಮ್ಮೆ ಬಂದಿದ್ದಳು.

ಬಂದು ನೋಡಿದರೆ ಗಾರ್ಡು ಒಣಗಿತ್ತು.

ಮೂರೂವರೆ ಲೀಟರ್ ಎಣ್ಣೆ ಆ ಬೋಲ್ಟಿನಿಂದ ಸೋರಿದ್ದರೆ, ಓಡುವ ಗಾಡಿಯ ಗಾಳಿಗೆ ಗಾರ್ಡು, ಸೈಲೆನ್ಸರು, ಹಿಂದಿನ ಕಬ್ಬಿಣವೆಲ್ಲ ದೋಸೆ ಹೆಂಚಿನ ಹಾಗೆ ಜಿಡ್ಡುಗಟ್ಟಿರಬೇಕಿತ್ತು. ಅಂದು ಅವಳು ಬೋಲ್ಟಿಗೆ ಬೆರಳು ಹಚ್ಚಿದ್ದಳು, ಅದು ತಿರುಗಿತ್ತು. ಅಷ್ಟಕ್ಕೇ ಎದ್ದುಬಂದಿದ್ದಳು. ಇಪ್ಪತ್ತೆರಡು ವರ್ಷದ ಅನುಭವ ಅವಳನ್ನು ಒಂದು ಅಂಗೈಯಗಲ ಆಚೆಗೆ ಟಾರ್ಚು ತಿರುಗಿಸಲು ಬಿಟ್ಟಿರಲಿಲ್ಲ.

ಹೊರಗೆ ತೆವಳಿ ಬಂದು ಬಾನೆಟ್ ಎತ್ತಿದಳು. ಕಾರಿನ ಹಿಂಭಾಗ ಮಡಿಸಿದ ರಟ್ಟಿನ ಹಾಗಿತ್ತು. ಮುಂಭಾಗದಲ್ಲಿ ಹೆಡ್‌ಲೈಟಿನ ಗಾಜು ಕೂಡ ಒಡೆದಿರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಒಂದು ವೈರು ಕಳಚಿ ಜೋತಾಡುತ್ತಿತ್ತು. ಎಣ್ಣೆಯ ಒತ್ತಡ ಇಳಿದರೆ ಡ್ರೈವರಿನ ಎದುರು ಕೆಂಪು ದೀಪ ಹೊತ್ತಿಸುವ ವೈರು ಅದು. ಅದನ್ನು ಕಳಚಿದರೆ ಎಂಜಿನ್ನಿನಲ್ಲಿ ಹನಿ ಎಣ್ಣೆ ಇಲ್ಲದಿದ್ದರೂ ದೀಪ ಹತ್ತುವುದಿಲ್ಲ.

"ಅಪಘಾತದ ಹೊಡೆತಕ್ಕೆ ಕಳಚಿದೆ" ಎಂದು ಅವಳು ಬರೆದಿದ್ದಳು. ಹೊಡೆತ ಬಿದ್ದದ್ದು ಹಿಂದಕ್ಕೆ! ಕ್ಲಿಪ್ಪನ್ನು ಮತ್ತೆ ಸಿಕ್ಕಿಸಿ, ಜಗ್ಗಿ ನೋಡಿದಳು. ಬರಲಿಲ್ಲ. ಹೆಬ್ಬೆರಳಿನಿಂದ ಒತ್ತಿದ ಮೇಲೆಯೇ ಬಿಟ್ಟುಕೊಂಡಿತು.

ಯಾರದೋ ಹೆಬ್ಬೆರಳು ಇದನ್ನು ಒತ್ತಿತ್ತು.

ಅಲ್ಲಿಂದಲೇ ಇನ್ಸ್‌ಪೆಕ್ಟರ್ ರಾಮಾಂಜಿನಪ್ಪನಿಗೆ ಫೋನ್ ಮಾಡಿದಳು.

"ಸರ್, ನನ್ನ ರಿಪೋರ್ಟ್ ತಪ್ಪು. ಎಣ್ಣೆ ಆ ಬೋಲ್ಟಿನಿಂದ ಹೋಗಿಲ್ಲ. ಎಣ್ಣೆ ಖಾಲಿಯಾದ ಮೇಲೆ ಬೋಲ್ಟನ್ನ ಯಾರೋ ಸಡಿಲ ಮಾಡಿದಾರೆ."

"ಮತ್ತೆ ಎಣ್ಣೆ ಎಲ್ಲಿಂದ ಹೋಯ್ತು ಮೇಡಂ? ಆವಿ ಆಯ್ತಾ?"

"ಅದನ್ನೇ ಹುಡುಕ್ತಿದೀನಿ."

"ಹುಡುಕಿ, ಹುಡುಕಿ. ಸಹಿ ನಿಮ್ದು, ಸೀಲು ನಿಮ್ದು. ಆ ಗೌರೀಶ ನಾನು ಬೋಲ್ಟೇ ಬಿಚ್ಚಿಲ್ಲ ಸಾರ್ ಅಂದಾಗ, 'ಬೋಲ್ಟ್ ಬಿಚ್ಚದೆ ಆಯಿಲ್ ತೆಗೆಯೋಕೆ ನೀವೇನು ಮಾಂತ್ರಿಕರಾ' ಅಂತ ಕೇಳಿದ್ದೂ ನೀವೇ. ನಮ್ಮ ಸ್ಟೇಷನ್ನಿಗೆ ಸ್ಟೇಷನ್ನೇ ನಕ್ಕಿತ್ತು. ಮರೆತ್ರಾ?"

ಮರೆತಿರಲಿಲ್ಲ. ಸಿಟ್ಟು ಬಂದಷ್ಟೂ ಮಹಾನಂದಾಳ ಮಾತಿನಲ್ಲಿ ಮರ್ಯಾದೆ ಹೆಚ್ಚುತ್ತಿತ್ತು. "ತುಂಬ ಉಪಕಾರವಾಯ್ತು ಸರ್. ತಮ್ಮ ಸಮಯ ಹಾಳು ಮಾಡಿದ್ದಕ್ಕೆ ಕ್ಷಮಿಸಿ," ಎಂದು ಫೋನ್ ಇಟ್ಟಳು. 

"ಮುನಿಲಕ್ಷ್ಮಮ್ಮ, ಬೋಲ್ಟ್ ಮುಟ್ಟದೆ ನಿಮ್ಮ ಮಗ ಎಣ್ಣೆ ಹೇಗೆ ತೆಗೀತಾನೆ?"

"ಅದನ್ನ ಕೇಳಕ್ಕೆ ಹತ್ತು ದಿನ ಬೇಕಾಯ್ತಾ ನಿಂಗೆ? ಬಾ, ತೋರಿಸ್ತೀನಿ."

* * *

ಚಾಮರಾಜಪೇಟೆಯ ಐದನೇ ಮೇನ್‌ನಲ್ಲಿ ಗೌರೀಶನ ಗ್ಯಾರೇಜ್ ಎಂದರೆ ಒಂದೇ ಒಂದು ಶಟರ್. ಹಿಂದುಗಡೆಯ ಕೋಣೆಯಲ್ಲಿ ತಾಯಿ ಮಗನ ಸಂಸಾರ. ಮುನಿಲಕ್ಷ್ಮಮ್ಮ ಶಟರ್ ಎತ್ತಿ, ಮೂಲೆಯಲ್ಲಿದ್ದ ಗೋಣಿಚೀಲ ಸರಿಸಿದಳು.

ಕೊಡದಷ್ಟು ದಪ್ಪದ ಒಂದು ಟ್ಯಾಂಕು. ನೆತ್ತಿಯ ಮೇಲೆ ಸೈಕಲ್ ಪಂಪಿನಂಥ ಹಿಡಿ. ಪಕ್ಕದಿಂದ ಇಳಿಬಿದ್ದ, ಪೆನ್ಸಿಲ್ಲಿಗಿಂತ ಸಣ್ಣದಾದ ಉದ್ದನೆಯ ನಳಿಕೆ.

"ಎಣ್ಣೆ ಎಷ್ಟೈತೆ ಅಂತ ನೋಡೋ ಕಡ್ಡಿ ಇರ್ತದಲ್ಲ? ಅದನ್ನ ಎಳೆದು ಆಚೆ ಇಡ್ತಾನೆ. ಆ ತೂತಿಗೆ ಈ ಪೈಪ್ ಇಳಿಸ್ತಾನೆ, ತಳ ಮುಟ್ಟೋಗಂಟ. ಆಮೇಲೆ ಇದನ್ನ ಹತ್ತು ಸಲ ಎಳೆದು ಒತ್ತೋದು. ಟ್ಯಾಂಕಲ್ಲಿರೋ ಗಾಳಿ ಆಚೆ ಹೋಯ್ತದೆ. ಅಷ್ಟೇಯ. ಎಳನೀರಿಗೆ ಸ್ಟ್ರಾ ಹಾಕಿ ಹೀರ್ದಂಗೆ ಎಣ್ಣೆಯೆಲ್ಲ ಮ್ಯಾಕ್ಕೆ ಬತ್ತದೆ. ಒಂದ್ ತೊಟ್ಟು ನೆಲಕ್ಕೆ ಬೀಳಲ್ಲ."

ಮಹಾನಂದಾ ಇಂಥ ಯಂತ್ರವನ್ನು ದೊಡ್ಡ ಶೋರೂಮುಗಳಲ್ಲಿ ನೋಡಿದ್ದಳು. ಒಂದು ಶಟರಿನ ಗ್ಯಾರೇಜಿನಲ್ಲೂ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹೊಳೆಯಲಿಲ್ಲವೋ, ಇವರಲ್ಲೆಲ್ಲಿರುತ್ತದೆ ಎಂಬ ಸಸಾರವೋ? ಆ ಪ್ರಶ್ನೆ ಬೆನ್ನಿಗೆ ಚುಚ್ಚಿದ ಹಾಗಾಯಿತು.

"ಇದನ್ನ ಯಾಕೆ ತಗೊಂಡ?"

"ಎರಡು ವರ್ಷದ ಕೆಳಗೆ ಜಾಕ್ ಜಾರಿ ಬೆನ್ನಿಗೆ ಪೆಟ್ಟು ಬಿತ್ತಮ್ಮ. ಗಾಡಿ ಕೆಳಗೆ ಮಲಗಾಕ್ಕಾಗಲ್ಲ ಅವನಿಗೆ. ಡಾಕ್ಟ್ರು ಬರ್ದಿರೋ ಚೀಟಿ ಸ್ಟೇಷನ್ನಿಗೆ ತಗೊಂಡೋಗಿದ್ದೆ. ನನ್ನ ಗೇಟಿಂದ ಒಳಗೇ ಬಿಡಲಿಲ್ಲ."

ಕಾರಿನ ಕೆಳಗೆ ಮಲಗಲಾರದವನು ಬೋಲ್ಟು ಸಡಿಲ ಬಿಟ್ಟನೆಂದು ತಾನು ಸಹಿ ಹಾಕಿದ್ದೆ! ಮಹಾನಂದಾ ಹಲ್ಲು ಕಚ್ಚಿ ಯಂತ್ರವನ್ನು ಬೆಳಕಿಗೆ ಎಳೆದಳು.

ಅದು ಭಾರವಾಗಿತ್ತು. ಒಳಗೆ ಏನೋ ಕುಲುಕಿತು.

"ಇದರಲ್ಲಿ ಎಣ್ಣೆ ಇದೆ."

"ಹಳೇದಿರ್ಬೇಕು. ಡ್ರಮ್ಮಿಗೆ ಸುರಿಯಾಕೆ ಅವನೆಲ್ಲಿದ್ದ?"

ಗೂಡಿನಲ್ಲಿದ್ದ ಗಾಜಿನ ಉಪ್ಪಿನಕಾಯಿ ಜಾಡಿಯನ್ನು ತೊಳೆಸಿ, ಒರೆಸಿ, ಮಹಾನಂದಾ ಟ್ಯಾಂಕನ್ನು ಬಗ್ಗಿಸಿದಳು. ನಿಧಾನವಾಗಿ, ದಾರದ ಹಾಗೆ ಎಣ್ಣೆ ಇಳಿಯಿತು. ಬಾಗಿಲಿನಿಂದ ಬಂದ ಬಿಸಿಲು ಜಾಡಿಯೊಳಗೆ ಹಾದು ಹೋಯಿತು.

ಜೇನಿನ ಬಣ್ಣ.

ಎಂಜಿನ್ನಿನಲ್ಲಿ ದುಡಿದ ಎಣ್ಣೆ ಕಾಡಿಗೆಯಂತೆ ಕಪ್ಪಗಿರುತ್ತದೆ. ಕಪ್ಪಗಾದದ್ದಕ್ಕೇ ಜನ ಅದನ್ನು ತೆಗೆಸುವುದು. ಇದು ನಾಲ್ಕಾರು ಮೈಲಿಗಿಂತ ಹೆಚ್ಚು ಓಡಿದ ಎಣ್ಣೆಯಲ್ಲ. ಟ್ಯಾಂಕಿನ ಗೀಟುಗಳಲ್ಲಿ ಎಣ್ಣೆ ಮೂರು ಲೀಟರಿಗೆ ತುಸು ಮೇಲಿತ್ತು. ಹೊಸ ಎಣ್ಣೆಯನ್ನು ಯಾವ ಗಿರಾಕಿ ಹೀರಿ ತೆಗೆಸುತ್ತಾನೆ?

"ಗೌರೀಶ್ ಮೇಷ್ಟ್ರ ಮನೆಗೆ ಹೋಗಿದ್ದು ಶನಿವಾರ ಬೆಳಿಗ್ಗೆ. ಅಲ್ಲಿಂದ ಬಂದ ಮೇಲೆ ಇದನ್ನ ಖಾಲಿ ಮಾಡಿದ್ನಾ?"

"ಮಾಡ್ದ. ನಾನೇ ಪೈಪ್ ಒರೆಸಿಟ್ಟೆ."

"ಆಮೇಲೆ ಯಾರು ಮುಟ್ಟಿದ್ರು?"

ಮುನಿಲಕ್ಷ್ಮಮ್ಮ ಯೋಚಿಸಿದಳು. "ಅವನು ಯಾವುದೋ ಗಾಡಿ ನೋಡಾಕೆ ಹೋಗಿದ್ದಾಗ ಸಂಜೆ ಶ್ರೀಹರಿಯೋರು ಬಂದ್ರು. ಗವಿಪುರದೋರು. ಅವರತ್ರ ಹಳೇ ಕಾಲದ ಕಾರು ಐತಲ್ಲ, ಅದ್ರದ್ದು ಎಣ್ಣೆ ತೆಗೀಬೇಕು ಅಂತ ಇಸ್ಕೊಂಡೋದ್ರು. ಯಾವಾಗ್ಲೂ ಒಯ್ತಾ ಇರ್ತಾರೆ. ವಾಪಸ್ ಕೊಟ್ಟು, 'ಹಳೇ ಎಣ್ಣೆ ಒಳಗೇ ಇದೆ, ನಿಮ್ಮ ಡ್ರಮ್ಮಿಗೆ ಸುರೀರಿ' ಅಂದ್ರು. ನಾನು ಕಾಪಿ ಕೊಟ್ಟೆ."

"ಯಾವ ಶ್ರೀಹರಿ? ಮೇಷ್ಟ್ರ ಭಾಮೈದ ಶ್ರೀಹರಿನಾ?"

"ಹೂಂ. ಆರಾಧನಮ್ಮನ ತಮ್ಮ. ಅವ್ರ ಮನೆ ಗಾಡಿ ಕೆಲ್ಸ ನಮ್ಗೆ ಕೊಡ್ಸಿದ್ದೂ ಅವ್ರೇಯ." ಹೇಳುತ್ತ ಹೇಳುತ್ತ ಅವಳ ಮುಖ ಬಿಗಿಯಿತು. ಕಣ್ಣು ಜಾಡಿಯ ಮೇಲೆ ನಿಂತಿತು. "ಅಂದ್ರೆ... ಇದು ಅವ್ರ ಕಾರಿಂದಲ್ವಾ?"

"ನಲವತ್ತು ವರ್ಷದ ಹಳೇ ಕಾರಿನಿಂದ ಜೇನು ಬರುತ್ತಾ, ಮುನಿಲಕ್ಷ್ಮಮ್ಮ?"

ಮುನಿಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಶಟರನ್ನು ಅವಳು ಎಳೆದ ರಭಸಕ್ಕೆ ಎದುರಿನ ಅಂಗಡಿಯವನು ಎದ್ದು ನಿಂತ.

* * *

ಮಲ್ಲೇಶ್ವರದ ಮನೆಯಲ್ಲಿ ಹದಿಮೂರನೆಯ ದಿನದ ಊಟ ಮುಗಿದಿತ್ತು. ಗೇಟಿನ ಹೊರಗೆ ಬಾಳೆಲೆಯ ರಾಶಿ. ಬಂದವರೆಲ್ಲ ಹೋಗಿಯಾಗಿತ್ತು. ಶ್ರೀಹರಿ ಪೋರ್ಟಿಕೋದಲ್ಲಿ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ನಲವತ್ತರ ಆಸುಪಾಸು, ತೆಳ್ಳಗಿನ ಆಳು. ಹದಿಮೂರು ದಿನದಲ್ಲಿ ಇನ್ನೂ ತೆಳ್ಳಗಾದಂತಿದ್ದ.

ಮಹಾನಂದಾ ಉಪ್ಪಿನಕಾಯಿ ಜಾಡಿಯನ್ನು ಅವನ ಎದುರಿನ ಕುರ್ಚಿಯ ಮೇಲೆ ಇಟ್ಟಳು.

ಅವನು ಅದನ್ನು ನೋಡಿದ. ಅವಳ ಹಿಂದೆ ನಿಂತಿದ್ದ ಮುನಿಲಕ್ಷ್ಮಮ್ಮನನ್ನು ನೋಡಿದ. ಕೈಯಲ್ಲಿದ್ದ ಕುರ್ಚಿ ಜಾರಿ ನೆಲಕ್ಕೆ ಬಿತ್ತು.

"ಶ್ರೀಹರಿಯವರೇ, ನಿಮ್ಮ ಹಳೇ ಕಾರು ಬಹಳ ಚೆನ್ನಾಗಿ ಇಟ್ಟುಕೊಂಡಿದೀರಿ. ಎಣ್ಣೆ ಇನ್ನೂ ಪೂಜೆ ದೀಪಕ್ಕೆ ಹಾಕೋ ಹಾಗಿದೆ."

"ಮೇಡಂ, ಇದು..."

"ದಯವಿಟ್ಟು ಸುಳ್ಳು ಹೇಳಬೇಡಿ. ಗೌರೀಶ್ ಅವತ್ತು ಎಣ್ಣೆ ಹಾಕಿದ ಡಬ್ಬ ಗ್ಯಾರೇಜಿನಲ್ಲೇ ಇದೆ, ಅರ್ಧ ಲೀಟರ್ ಉಳಿದಿದೆ. ಅದೂ ಇದೂ ಒಂದೇ ಅಂತ ಲ್ಯಾಬಿನವರು ಎರಡು ದಿನದಲ್ಲಿ ಹೇಳ್ತಾರೆ. ಅದಕ್ಕೆ ಮುಂಚೆ ತಾವ್ ಹೇಳಿದ್ರೆ ಮರ್ಯಾದೆ."

ಶ್ರೀಹರಿ ಒಳಬಾಗಿಲ ಕಡೆ ಕಣ್ಣು ಹಾಯಿಸಿದ. ಅಲ್ಲಿ ಯಾರೂ ಇರಲಿಲ್ಲ. "ಮೆಲ್ಲಗೆ ಮಾತಾಡಿ, ಅಕ್ಕ ಈಗಷ್ಟೇ ಮಲಗಿದಾಳೆ," ಎಂದ. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟ.

"ನಾನೇ ತೆಗೆದಿದ್ದು."

ಮುನಿಲಕ್ಷ್ಮಮ್ಮ ಒಂದೇ ಹೆಜ್ಜೆಗೆ ಅವನ ಶರಟಿನ ಕಾಲರು ಹಿಡಿದಳು. "ನನ್ ಮನೆ ಕಾಪಿ ಕುಡ್ದು! ನನ್ ಮಗನ ಮಿಷನ್ನಲ್ಲೇ! ಹತ್ತು ದಿನದಿಂದ ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ?"

"ಕೊಲ್ಲಬೇಕು ಅಂತಲ್ಲಮ್ಮ! ದೇವರಾಣೆ, ಭಾವನ್ನ ಕೊಲ್ಲಬೇಕು ಅಂತಲ್ಲ!"

"ಮತ್ತೆ ಯಾತಕ್ಕೆ?" ಮಹಾನಂದಾ ಕೇಳಿದಳು. ಮುನಿಲಕ್ಷ್ಮಮ್ಮನ ಕೈ ಬಿಡಿಸಲು ಅವಳು ಹೋಗಲಿಲ್ಲ.

ಅವನು ತಡವರಿಸಿ ಹೇಳಿದ. ತುಮಕೂರಿನಲ್ಲಿ ಅವನಿಗೊಂದು ಸಂಬಂಧ ಕುದುರಿತ್ತು. ಮೊದಲು ಒಂದು ಮದುವೆಯಾಗಿ ಮುರಿದುಬಿದ್ದ ವಿಷಯವನ್ನು ಹೆಣ್ಣಿನವರಿಗೆ ಅವನು ತಿಳಿಸಿರಲಿಲ್ಲ. ವಸಿಷ್ಠರಿಗೆ ಸುಳ್ಳೆಂದರೆ ಮೈಮೇಲೆ ಕೆಂಡ ಸುರಿದಂತೆ. ನೀನು ಹೇಳದಿದ್ದರೆ ಭಾನುವಾರ ನಾನೇ ಹೋಗಿ ಹೇಳುತ್ತೇನೆ ಎಂದು ಪಟ್ಟು ಹಿಡಿದಿದ್ದರು. ಹುಡುಗಿ ಅದೇ ಭಾನುವಾರ ಮಧ್ಯಾಹ್ನ ಬೆಂಗಳೂರಿಗೆ ಬರುವವಳಿದ್ದಳು. ಅವಳಿಗೆ ತಾನೇ, ಎದುರಿಗೆ ಕೂತು, ಎಲ್ಲವನ್ನೂ ಹೇಳಿಕೊಳ್ಳಬೇಕೆಂದು ಶ್ರೀಹರಿ ನಿಶ್ಚಯಿಸಿದ್ದ.

"ನನಗೆ ಅರ್ಧ ದಿನ ಬೇಕಿತ್ತು ಮೇಡಂ. ಅರ್ಧ ದಿನ ಅಷ್ಟೇ. ಟೈರ್ ಗಾಳಿ ಬಿಟ್ಟಿದ್ರೆ ಭಾವ ಹತ್ತು ನಿಮಿಷದಲ್ಲಿ ಸ್ಟೆಪ್ನಿ ಹಾಕ್ಕೊಂಡು ಹೋಗ್ತಿದ್ರು. ಅದಕ್ಕೆ ಎಣ್ಣೆ ತೆಗೆದೆ. ಅಕ್ಕ ಭಾವ ಇಬ್ಬರೂ ಮೇಲ್ಗಡೆ ಇದ್ರು. ಇದೇ ಜಾಗದಲ್ಲಿ, ಕಾಲು ಗಂಟೆ ಕೆಲಸ. ಎಂಜಿನ್ ಇನ್ನೂ ಬೆಚ್ಚಗಿತ್ತು, ಬೇಗ ಬಂತು. ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಕೆಂಪು ದೀಪ ಹತ್ತುತ್ತೆ, ಭಾವ ಇಳೀತಾರೆ, ಗೌರೀಶನ್ನ ಬೈಕೊಂಡು ಚಾಮರಾಜಪೇಟೆಗೆ ಹೋಗ್ತಾರೆ, ಅಷ್ಟರಲ್ಲಿ ಮಧ್ಯಾಹ್ನ ಆಗುತ್ತೆ ಅಂತ..."

"ಮೆಕ್ಯಾನಿಕ್ ಬೈಸಿಕೊಂಡ್ರೆ ಬೈಸಿಕೊಳ್ಳಲಿ. ಅಲ್ವಾ?"

ಅವನು ತಲೆ ತಗ್ಗಿಸಿದ.

"ದೀಪ ಹತ್ತಲಿಲ್ಲ," ಮಹಾನಂದಾ ಹೇಳಿದಳು. "ಯಾಕೆ ಹತ್ತಲಿಲ್ಲ ಅಂತ ತಮಗೆ ಗೊತ್ತು. ವೈರು ಕಳಚಿತ್ತು."

"ಯಾವ ವೈರು?"

"ಆಟ ಸಾಕು."

"ಇಲ್ಲ ಮೇಡಂ, ಯಾವ ವೈರು? ದೀಪ ಹತ್ತಲಿ ಅಂತಲೇ ತಾನೇ ನಾನು ಅಷ್ಟೆಲ್ಲ ಮಾಡಿದ್ದು? ನಾನೇ ವೈರು ಯಾಕೆ ತೆಗೀಲಿ?"

"ಬೋಲ್ಟು? ಗೌರೀಶನ ತಲೆಗೆ ಕಟ್ಟೋಕೆ ಆಮೇಲೆ ಹೋಗಿ ಸಡಿಲ ಮಾಡಿದ್ರಲ್ಲ, ಆ ಬೋಲ್ಟು?"

"ಗೌರೀಶ ಬೋಲ್ಟ್ ಮುಟ್ಟಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಅವನ ಮಿಷನ್ನೇ ತಂದವನು ನಾನು! ಅವನ ತಲೆಗೆ ಕಟ್ಟೋ ಹಾಗಿದ್ರೆ ಅವನು ಮುಟ್ಟದೇ ಇರೋ ಬೋಲ್ಟನ್ನ ಯಾಕೆ ಆರಿಸ್ಕೊಳ್ಳಲಿ?"

ಅವನ ಮಾತು ಸರಿಯಾಗಿತ್ತು. ಅದು ಸರಿಯಾಗಿದ್ದದ್ದಕ್ಕೇ ಮಹಾನಂದಾಳ ಸಿಟ್ಟು ಇನ್ನಷ್ಟು ಉರಿಯಿತು. ಬೋಲ್ಟು ಸಡಿಲ ಮಾಡಿದ ಕೈಗೆ ಈ ಯಂತ್ರದ ವಿಷಯ ತಿಳಿದಿರಲಿಲ್ಲ. ಎಣ್ಣೆ ಬದಲಿಸುವುದೆಂದರೆ ಕೆಳಗಿನ ಬೋಲ್ಟು ಬಿಚ್ಚುವುದು ಎಂದು, ಎಲ್ಲರ ಹಾಗೆ, ಮಹಾನಂದಾಳ ಹಾಗೆ, ನಂಬಿದ್ದ ಕೈ ಅದು. ಶ್ರೀಹರಿಯದಲ್ಲ.

"ಹಾಗಾದ್ರೆ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?" ಅವಳ ದನಿ ಏರಿತು. "ಅವನನ್ನ ಎಳ್ಕೊಂಡು ಹೋದಾಗ ಎಲ್ಲಿದ್ದೆ ನೀನು? ಈ ತಾಯಿ ಗೇಟಿನ ಹೊರಗೆ ನಿಂತಿದ್ದಾಗ ಎಲ್ಲಿದ್ದೆ? ನಾನು ಅಂಥ ರಿಪೋರ್ಟ್ ಬರೀತಿದ್ದಾಗ ನನ್ನ ಪಕ್ಕದಲ್ಲೇ ನಿಂತಿದ್ಯಲ್ಲೋ, ಹೇಡಿ! ಆಗ ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

ನೀವು ಹೋಗಿ ನೀನು ಆದದ್ದು ಅವಳಿಗೇ ತಿಳಿಯಲಿಲ್ಲ.

"ಹೇಳಿದ್ರೆ ಅಕ್ಕನ ಹೆಸರು ಬರುತ್ತೆ!" ಶ್ರೀಹರಿಯೂ ಕೂಗಿದ. "ಹೇಗೆ ಹೇಳಲಿ ನಾನು? ಅವಳಿಗೆ ಗೊತ್ತಿತ್ತು!"

 ಮುನಿಲಕ್ಷ್ಮಮ್ಮ ಕಾಲರು ಬಿಟ್ಟಳು.

"ಏನು ಗೊತ್ತಿತ್ತು?" ಮಹಾನಂದಾ ಕೇಳಿದಳು.

"ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ನನಗೆ. ಹೈವೇನಲ್ಲಿ ಏನಾದ್ರೂ ಆದ್ರೆ ಅಂತ ಭಯ ಆಯ್ತು. ಬೆಳಿಗ್ಗೆ ಆರಕ್ಕೆ ಮುಂಚೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಗಾಡೀಲಿ ಎಣ್ಣೆ ಇಲ್ಲ, ಭಾವನ್ನ ಸ್ಟಾರ್ಟ್ ಮಾಡೋಕೆ ಬಿಡಬೇಡ, ನಾನೇ ಬಂದು ಮತ್ತೆ ಹಾಕ್ತೀನಿ ಅಂತ ಬೇಡ್ಕೊಂಡೆ. ಸರಿ ಅಂದಳು. ಸರಿ ಅಂದವಳು ಕಳಿಸಿಬಿಟ್ಟಳು! ಈಗ ಹೇಳಿ. ಬಾಯಿ ಬಿಟ್ಟು ಅಕ್ಕನ್ನೂ ಜೈಲಿಗೆ ಕಳಿಸ್ಲಾ?"

"ಹರಿ."

ಆರಾಧನಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಲವತ್ತೈದರ ಹೆಂಗಸು ಹದಿಮೂರು ದಿನದಲ್ಲಿ ಅರವತ್ತಾದಂತಿದ್ದಳು. ಮೆಟ್ಟಿಲಿಳಿದು ಬಂದು ತಮ್ಮನ ಕೆನ್ನೆಗೆ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು.

"ಎಣ್ಣೆ ತೆಗೆದ್ಯಾ? ಅವರು ಕೂರೋ ಗಾಡಿಯಿಂದ ಎಣ್ಣೆ ತೆಗೆದ್ಯಾ? ಅದರ ಮೇಲೆ ನನಗೆ ಫೋನ್ ಮಾಡಿದೆ ಅಂತ ಸುಳ್ಳು ಬೇರೆ ಬೊಗಳ್ತೀಯಾ?"

"ಸುಳ್ಳಲ್ಲ ಅಕ್ಕ!" ಅವನು ಅಳುತ್ತಲೇ ಜೇಬಿನಿಂದ ಫೋನ್ ಎಳೆದು, ತೀಡಿ ತೀಡಿ ಹಿಂದಕ್ಕೆ ಹೋಗಿ, ಅವಳ ಮುಖದೆದುರು ಹಿಡಿದ. ಅಕ್ಕ. ಭಾನುವಾರ. ಐದು ಐವತ್ತೆರಡು. ಒಂದು ನಿಮಿಷ ಇಪ್ಪತ್ತು ಸೆಕೆಂಡ್.

ಮಹಾನಂದಾ ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. "ಆರಾಧನಾ ಅವರೇ, ನಿಮ್ಮ ಫೋನ್ ತರ್ತೀರಾ?"

ಆರಾಧನಾ ತಂದಳು. ಕರೆಗಳ ಪಟ್ಟಿ ತೆಗೆದಳು. ಸಂತಾಪ ಹೇಳಲು ಕರೆ ಮಾಡಿದ ನೂರಾರು ಹೆಸರುಗಳು. ಬೆರಳು ಅವುಗಳನ್ನೆಲ್ಲ ದಾಟಿ ಕೆಳಗೆ, ಇನ್ನೂ ಕೆಳಗೆ ಇಳಿಯಿತು. ಒಂದು ಕಡೆ ನಿಂತಿತು.

ಹರಿ. ಐದು ಐವತ್ತೆರಡು. ಕರೆ ಸ್ವೀಕರಿಸಲಾಗಿತ್ತು.

"ಇಲ್ಲ," ಎಂದಳು ಆರಾಧನಾ. "ಇದು ಹೇಗೆ... ನಾನು ಎತ್ತಿಲ್ಲ. ಧನುರ್ಮಾಸದ ಪೂಜೆಗೆ ಐದಕ್ಕೇ ದೇವಸ್ಥಾನಕ್ಕೆ ಹೋಗಿದ್ದೆ. ಫೋನ್ ಇಲ್ಲೇ, ಊಟದ ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದೆ. ಆರೂಕಾಲಿಗೆ ವಾಪಸ್ ಬಂದಾಗ ಅಲ್ಲೇ ಇತ್ತು. ದೇವಸ್ಥಾನದ ಮುಂದೆ ಹೂ ಮಾರೋಳನ್ನ ಕೇಳಿ, ಪೂಜಾರಿಗಳನ್ನ ಕೇಳಿ, ಯಾರನ್ನ ಬೇಕಾದ್ರೂ ಕೇಳಿ."

ಮಹಾನಂದಾ ಶ್ರೀಹರಿಯ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಈಗ ಅವಳ ದನಿ ತಣ್ಣಗಿತ್ತು. "ಎತ್ತಿದ್ದು ಗಂಡಸೋ ಹೆಂಗಸೋ?"

"ಹೆಂಗಸು. ಅಕ್ಕ ಅಂತಲೇ ನಾನು... ಪಿಸುಗುಟ್ಟಿದ ಹಾಗೆ ಮಾತಾಡಿದಳು. ಭಾವ ಪಕ್ಕದಲ್ಲಿ ಮಲಗಿದಾರೆ, ಅದಕ್ಕೆ ಅಂದ್ಕೊಂಡೆ. ಮಾತಾಡಿದ್ದೆಲ್ಲ ನಾನೇ. ಅವಳು ಕೊನೇಲಿ ಒಂದೇ ಮಾತು ಹೇಳಿದ್ದು."

"ಏನಂದಳು? ಹೇಗಂದಳೋ ಹಾಗೇ ಹೇಳಿ."

ಶ್ರೀಹರಿ ನೆನಪಿಸಿಕೊಂಡ. "'ಸರಿ ಅಣ್ಣ, ನಾನು ನೋಡ್ಕೋತೀನಿ.'"

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಅವನ ಬಾಯಿ ಅರ್ಧ ತೆರೆದುಕೊಂಡಿತು.

"ಅಣ್ಣ?" ಆರಾಧನಾ ಹೇಳಿದಳು. "ನಿನಗಿಂತ ನಾಲ್ಕು ವರ್ಷ ದೊಡ್ಡವಳು ನಾನು. ನಿನ್ನನ್ನ ಎತ್ತಿ ಆಡಿಸಿದವಳು. ನಾನು ಯಾವತ್ತು ನಿನ್ನನ್ನ ಅಣ್ಣ ಅಂದಿದೀನಿ, ಹರಿ?"

ಫೋನ್ ಎತ್ತಿದವಳಿಗೆ ಗಾಡಿಯಲ್ಲಿ ಎಣ್ಣೆಯಿಲ್ಲವೆಂದು ತಿಳಿದಿತ್ತು, ವೈರು ಕಳಚಿದ್ದೂ ಬೋಲ್ಟು ಸಡಿಲಿಸಿದ್ದೂ ಅವಳದೇ ಕೈ ಎಂದು ಮಹಾನಂದಾಳಿಗೆ ಹೊಳೆಯಿತು. 

"ಆರಾಧನಾ ಅವರೇ," ಮಹಾನಂದಾ ಕೇಳಿದಳು, "ಆ ಹೊತ್ತಿಗೆ ಮನೇಲಿ ಯಾರ್ಯಾರಿದ್ರು?"

ಆರಾಧನಾ ತಿರುಗಿ ಹಜಾರದಲ್ಲಿ ಹಾರ ಹಾಕಿದ್ದ ಗಂಡನ ಫೋಟೋವನ್ನು ನೋಡಿದಳು. ಹದಿಮೂರು ದಿನ ಅತ್ತ ಕಣ್ಣುಗಳು ಈಗ ಒಣಗಿದ್ದವು. ಅವುಗಳಲ್ಲಿ ಹೊತ್ತಿಕೊಂಡದ್ದು ಬೇರೆಯೇ.

"ಇವರೊಬ್ಬರೇ," ಎಂದಳು. "ಹೊರಗಿನಿಂದ ಬೀಗ ಹಾಕ್ಕೊಂಡು ಹೋದವಳು ನಾನೇ. ಇವರೇ ಬಾಗಿಲು ತೆಗೆಯದೆ ಯಾವ ಹೆಂಗಸೂ ಒಳಗೆ ಬರೋ ಹಾಗಿರಲಿಲ್ಲ."